ಹಿಂಸೆಯಿಂದ ಪಾರಾಗಿ ಬಂದ ಹೆಣ್ಣುಮಕ್ಕಳ ಮನೆಗೆ ನಮ್ಮ ಮಹಿಳಾ ಸಮಾಜದ ನಿಧಿ: ಹಣ ಯಾವುದಕ್ಕೆ ಹೋಗಬೇಕು?

ಸಾಗರದ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ಕಡೆಯ ಒಂದು ಮಹಿಳಾ ಸಮಾಜ. ಈ ಬೇಸಿಗೆಯಲ್ಲಿ ಊರಿನ ಇನ್ನೆರಡು ಸಂಘಗಳೂ ನಾವೂ ಸೇರಿ ಒಂದು ಕೆಲಸಕ್ಕೆ ಕೈಹಾಕಿದ್ದೇವೆ. ಲೈಂಗಿಕ ದೌರ್ಜನ್ಯ, ಬಾಲ್ಯವಿವಾಹ, ಮನೆಯೊಳಗಿನ ಹೊಡೆತ ಬಡಿತ ಇವುಗಳಿಂದ ಪಾರಾಗಿ ಬಂದ ಹೆಣ್ಣುಮಕ್ಕಳಿಗಾಗಿ ಒಂದು ಸ್ವಯಂಸೇವಾ ಸಂಸ್ಥೆ ನಡೆಸುವ ಮನೆಗೆ ಹಣ ಕೂಡಿಸಿ ಕೊಡುವುದು. ಮನೆ ಯಾವ ಊರಿನಲ್ಲಿದೆ ಎಂದು ಬೇಕೆಂತಲೇ ಬರೆಯುತ್ತಿಲ್ಲ.

ಮೂರು ಲಕ್ಷ ಮುಟ್ಟಬೇಕು ಅಂತ ಆಸೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳಕ ಮಾಡಿ ಮಾರುವುದು, ಒಂದು ಸಂಜೆ ತಾಳಮದ್ದಳೆ ಇಟ್ಟು ಟಿಕೆಟ್ ಮಾಡುವುದು, ಜೊತೆಗೊಂದು ಲಕ್ಕಿ ಡಿಪ್. ಇಲ್ಲಿಯವರೆಗೆ ಎಲ್ಲರೂ ಒಪ್ಪಿದ್ದಾರೆ. ಸಮಸ್ಯೆ ಆಮೇಲಿನದು. ಅರ್ಧ ಜನ ಆ ಮನೆಗೊಂದು ಕೋಣೆ ಕಟ್ಟಿಸಿ ಸಮಾಜದ ಹೆಸರಿನ ಕಲ್ಲು ಹಾಕಿಸೋಣ ಅನ್ನುತ್ತಾರೆ. ಇನ್ನರ್ಧ ಜನ ಅಲ್ಲಿಯವರು ಕೇಳಿದ್ದನ್ನೇ ಕೊಡೋಣ ಅನ್ನುತ್ತಾರೆ. ಚೆಕ್ ಕೊಡುವ ದಿನ ಆ ಮಕ್ಕಳನ್ನೇ ವೇದಿಕೆಗೆ ಕರೆಸಿ ಪ್ರಾರ್ಥನೆ ಹಾಡಿಸಿ, ಬಟ್ಟೆ ಹಂಚಿ, ಫೋಟೊ ತೆಗೆಸಬೇಕು ಅಂತಲೂ ಒಂದು ಮಾತು ಬಂದಿದೆ. ನನಗೆ ಇದು ಸರಿ ಕಾಣುತ್ತಿಲ್ಲ. ಆದರೆ ಹಿರಿಯರ ಎದುರು ಹೇಳಬೇಕಾದರೆ ಗಟ್ಟಿ ಕಾರಣ ಬೇಕು. ತಿಳಿದವರು ದಯವಿಟ್ಟು ಬರೆಯಿರಿ.

ಧಾರವಾಡದ ಓಣಿಯಾಕಿ

ಅಕ್ಕಾರ, ನಮ್ಮ ಮಂಡಳದಾಗ ರೊಟ್ಟಿ, ಶೇಂಗಾ ಹೋಳಿಗಿ, ಗುರೆಳ್ಳು ಚಟ್ನಿ ಮಾರಿ ಇಂಥಾ ನಿಧಿ ಕೂಡಿಸೇವಿ. ಒಂದು ಮಾತು ಮೊದಲ ಹೇಳ್ತೀನಿ. ಎಣ್ಣಿ, ಡಬ್ಬಿ, ಗಾಡಿ ಬಾಡಗಿ ಯಾರು ಹಾಕತಾರ ಅನ್ನೂದನ್ನ ಮೊದಲನೇ ದಿನಾನ ಬರದಿಡ್ರಿ. ಇಲ್ಲಂದ್ರ ಕಡೀಗೆ ಮಾರಿದ್ದೆಷ್ಟು ಉಳದದ್ದೆಷ್ಟು ಅಂತ ಮನಸ್ತಾಪ ಆಗತೈತಿ. ಆರ್ಡರ್ ತಗೊಂಡು ಆಮ್ಯಾಲ ಮಾಡ್ರಿ, ಮಾಡಿ ಇಟ್ಕೊಂಡು ಗಿರಾಕಿ ಹುಡುಕಬ್ಯಾಡ್ರಿ. ಬೆಂಗಳೂರಾಗ ಇರೋ ನಿಮ್ಮೂರ ಮಂದಿ ಅಪ್ಪೆಮಿಡಿ ಅಂದ್ರ ಕಣ್ಣಮುಚ್ಚಿ ತಗೋತಾರ.

ಇನ್ನೊಂದು. ಶಾಲು, ಹಾರ, ನೆನಪಿನ ಕಾಣಿಕಿ, ಅತಿಥಿಗಳ ಊಟ, ಇದರಾಗ ಒಂದು ರೂಪಾಯಿನೂ ನಿಧಿಯಿಂದ ಹೋಗಬಾರ್ದು. ಕಾರ್ಯಕ್ರಮ ಬೇಕಂದ್ರ ಸದಸ್ಯರ ವಂತಿಗಿಯಿಂದ ಮಾಡ್ರಿ. ಹುಡಿಗ್ಯಾರ ಹೆಸರಿನಾಗ ಬಂದ ರೊಕ್ಕ ಹುಡಿಗ್ಯಾರಿಗೇ ಮುಟ್ಟಬೇಕು.

ಮೈಸೂರಿನ ಆಪ್ತಸಮಾಲೋಚಕಿ

ಇಂಥದೇ ಒಂದು ಮನೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದು ಹುಡುಗಿ ಅಂಥ ಮನೆಗೆ ಹೇಗೆ ಬರುತ್ತಾಳೆ ಅನ್ನುವುದು ಹೊರಗಿನವರಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಾರೆ, ಅಥವಾ ಶಾಲೆಯ ಮೇಷ್ಟ್ರು, ಆಶಾ ಕಾರ್ಯಕರ್ತೆ, ಪೊಲೀಸರು ಕರೆತರುತ್ತಾರೆ. ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಅವಳನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮನೆಗೆ ಕಳಿಸುವುದು ಅಪಾಯ ಅನ್ನಿಸಿದರೆ ಸಮಿತಿ ಆದೇಶ ಮಾಡಿ ಸರ್ಕಾರಿ ಬಾಲಮಂದಿರಕ್ಕೋ ನೋಂದಾಯಿತ ಸಂಸ್ಥೆಗೋ ಕಳಿಸುತ್ತದೆ. ಅಂದರೆ ಅವಳು ಬರುವಾಗಲೇ ಪೊಲೀಸ್ ಠಾಣೆ, ಆಸ್ಪತ್ರೆ, ಸಮಿತಿ ಅಂತ ಎಷ್ಟೋ ಅಪರಿಚಿತರ ಮುಂದೆ ಕೂತು ಬಂದಿರುತ್ತಾಳೆ. ಎಷ್ಟೋ ಪ್ರಕರಣಗಳಲ್ಲಿ ತಪ್ಪು ಮಾಡಿದವನು ಮನೆಯವನೇ ಆಗಿರುವುದರಿಂದ ಅಮ್ಮ, ಅಜ್ಜಿ ಎಲ್ಲರೂ ಅವಳ ಮೇಲೇ ಸಿಟ್ಟಾಗಿರುತ್ತಾರೆ. ನೋಡಲು ಬಂದವರೂ "ಕೇಸು ವಾಪಸ್ ತಗೋ" ಅನ್ನಲಿಕ್ಕೇ ಬಂದಿರುತ್ತಾರೆ.

ಅವಳ ಕಷ್ಟ ಶುರುವಾಗುವುದು ರಾತ್ರಿ. ಬಾಗಿಲಿನ ಚಿಲಕದ ಸದ್ದಿಗೆ ಎದ್ದು ಕೂರುವವರಿದ್ದಾರೆ, ದೊಡ್ಡವರಾಗಿಯೂ ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಂಡು ನಾಚಿಕೆಯಿಂದ ಬಟ್ಟೆ ಬಚ್ಚಿಡುವವರಿದ್ದಾರೆ, ದೀಪ ಆರಿಸಿದರೆ ಕಿರುಚುವವರಿದ್ದಾರೆ. ಆ ಹೊತ್ತಿಗೆ ಅಲ್ಲಿರುವುದು ಆಪ್ತಸಮಾಲೋಚಕಿ ಅಲ್ಲ, ರಾತ್ರಿ ಪಾಳಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಗೃಹಮಾತೆ. ಆ ಹೆಂಗಸಿಗೆ ಸಿಗುವ ಸಂಬಳ ನೋಡಿದರೆ ಹೊಟ್ಟೆ ಉರಿಯುತ್ತದೆ. ಸಾಲದೆ ಕೆಲಸ ಬಿಡುತ್ತಾರೆ. ಒಬ್ಬಳನ್ನು ನಂಬಿ ಈಗಷ್ಟೇ ಮಾತು ಶುರು ಮಾಡಿದ್ದ ಮಗು, ಅವಳು ಹೋದ ಮೇಲೆ ಮತ್ತೆ ಬಾಯಿ ಮುಚ್ಚುತ್ತದೆ. ನಾನು ಕಂಡ ದೊಡ್ಡ ನಷ್ಟ ಇದೇ.

ಬಟ್ಟೆ, ಕೇಕು, ಸಿಹಿತಿಂಡಿ ಬರುತ್ತಲೇ ಇರುತ್ತವೆ. ಹುಟ್ಟುಹಬ್ಬಕ್ಕೆ, ಪುಣ್ಯತಿಥಿಗೆ, ಆಗಸ್ಟ್ 15ಕ್ಕೆ ಒಂದೇ ದಿನ ಮೂರು ಮನೆಯವರು ಹೋಳಿಗೆ ಊಟ ತಂದದ್ದೂ ಇದೆ. ಕೋರ್ಟಿಗೆ ಹೋಗುವ ಆಟೊ ಬಾಡಿಗೆ, ಹಲ್ಲಿನ ಡಾಕ್ಟರ ಫೀಸು, ಎರಡು ವರ್ಷ ಶಾಲೆ ಬಿಟ್ಟವಳಿಗೆ ಗಣಿತ ಹೇಳಿಕೊಡುವ ಟೀಚರ ಗೌರವಧನ, ಸ್ನಾನದ ಮನೆಯ ಮುರಿದ ಚಿಲಕ ಇವಕ್ಕೆ ಕೊಡುವವರು ಸಿಗುವುದಿಲ್ಲ. ನಿಮ್ಮ ಮೂರು ಲಕ್ಷದಲ್ಲಿ ಒಬ್ಬ ಒಳ್ಳೆಯ ಗೃಹಮಾತೆ ಒಂದು ವರ್ಷ ಕೆಲಸ ಬಿಡದಂತೆ ನೋಡಿಕೊಂಡರೆ, ಕಲ್ಲಿನ ಕೋಣೆಗಿಂತ ಅದು ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ.

ಮಂಗಳೂರು ವಕೀಲೆ

ಕಾರ್ಯದರ್ಶಿಯವರಿಗೆ ಗಟ್ಟಿ ಕಾರಣ ಬೇಕಲ್ಲವೇ, ಕಾನೂನೇ ಕೊಡುತ್ತದೆ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಪತ್ರಿಕೆ, ಟಿವಿ ಮಾತ್ರವಲ್ಲ, ಬೇರೆ ಸಂವಹನ ಮಾಧ್ಯಮಗಳೂ ಅದರಲ್ಲಿ ಸೇರಿವೆ. ಸಮಾಜದ ವಾಟ್ಸಾಪ್ ಗುಂಪಿಗೆ ಹಾಕಿದ ಫೋಟೊ "ನಮ್ಮೊಳಗಿನದು" ಅಂದುಕೊಳ್ಳಬೇಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ಮಾಧ್ಯಮಗಳಿಗೆ ಇನ್ನೂ ಬಿಗಿಯಾಗಿದೆ, ನಿಮ್ಮ ಕಾರ್ಯಕ್ರಮಕ್ಕೆ ಬಂದ ಸ್ಥಳೀಯ ವರದಿಗಾರರನ್ನೂ ನೀವು ತೊಂದರೆಗೆ ಸಿಕ್ಕಿಸಿದಂತೆ ಆಗುತ್ತದೆ. ಮುಖ ಮಸುಕು ಮಾಡಿದರೆ ಸಾಲದು. ಸಣ್ಣ ಊರಿನಲ್ಲಿ ಲಂಗದ ಬಣ್ಣ, ಜಡೆ ನೋಡಿಯೇ ಯಾರ ಮಗಳು ಅಂತ ಹೇಳುತ್ತಾರೆ. ಆರೋಪಿ ಜಾಮೀನಿನ ಮೇಲೆ ಹೊರಗಿದ್ದರೆ ಅವಳು ಎಲ್ಲಿದ್ದಾಳೆ ಎಂಬುದು ಅವನಿಗೂ ತಿಳಿದಂತಾಯಿತು.

ಹಣವಲ್ಲದ ಒಂದು ಸಹಾಯವೂ ಇದೆ. ಪೋಕ್ಸೊ ಪ್ರಕರಣದ ಮಗುವಿಗೆ ಮಧ್ಯಂತರ ಪರಿಹಾರ ಕೊಡಲು ವಿಶೇಷ ನ್ಯಾಯಾಲಯ ಆದೇಶ ಮಾಡಬಹುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಅದು ಸಿಗುತ್ತದೆ. ಊಟ, ಬಟ್ಟೆ, ಓಡಾಟದ ತುರ್ತು ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿಯೇ ಶಿಫಾರಸು ಮಾಡಬಹುದು ಅಂತ 2020ರ ಪೋಕ್ಸೊ ನಿಯಮಗಳಲ್ಲಿದೆ. ಅರ್ಜಿ ಹಾಕುವವರಿಲ್ಲದೆ ಎಷ್ಟೋ ಮಕ್ಕಳಿಗೆ ಇದು ತಲುಪುವುದಿಲ್ಲ. ನಿಮ್ಮ ಸದಸ್ಯರಲ್ಲಿ ವಕೀಲರಿದ್ದರೆ, ನಿವೃತ್ತ ಗುಮಾಸ್ತರಿದ್ದರೆ ಈ ಕಾಗದ ಪತ್ರದ ಕೆಲಸಕ್ಕೆ ಕೂತುಕೊಳ್ಳಲಿ.

ತುಮಕೂರಿನ ಅಧ್ಯಕ್ಷೆ

ಎಲ್ಲ ಒಪ್ಪುತ್ತೇನೆ. ಆದರೂ ಇಪ್ಪತ್ತು ವರ್ಷದಿಂದ ಸಂಘ ನಡೆಸುತ್ತಿರುವವಳಾಗಿ ಒಂದು ಮಾತು. ಕಣ್ಣಿಗೆ ಕಾಣದಿದ್ದರೆ ಜನ ಕೊಡುವುದಿಲ್ಲ. ಕೋಣೆ ಕಟ್ಟಿಸಿದರೆ ಹತ್ತು ವರ್ಷವಾದ ಮೇಲೂ ತೋರಿಸಬಹುದು. "ಗೃಹಮಾತೆಯ ಸಂಬಳಕ್ಕೆ ಕೊಡಿ" ಅಂತ ಅಂಗಡಿ ಅಂಗಡಿ ಸುತ್ತಿ ನೋಡಿ, ಎಷ್ಟು ಜನ ಕೊಡುತ್ತಾರೆ ಅಂತ ಗೊತ್ತಾಗುತ್ತದೆ. ಫೋಟೊ ಬೇಡ ಸರಿ, ಮಕ್ಕಳು ಬಂದು ಒಂದು ಹಾಡು ಹೇಳಿದರೆ ಕೊಟ್ಟವರಿಗೂ ಸಮಾಧಾನ, ಮಕ್ಕಳಿಗೂ ನಾಲ್ಕು ಜನರ ಪ್ರೀತಿ ಸಿಕ್ಕಂತೆ. ಅವರನ್ನು ಮುಚ್ಚಿಟ್ಟುಕೊಂಡೇ ಇದ್ದರೆ ತಾವೇನೋ ತಪ್ಪು ಮಾಡಿದ್ದೇವೆ ಅನ್ನಿಸುವುದಿಲ್ಲವೇ? ನನ್ನ ಕಾಳಜಿ ನಿಜವಾದದ್ದು, ಬೇರೆ ಅರ್ಥ ಮಾಡಿಕೊಳ್ಳಬೇಡಿ.

ಅಲ್ಲೇ ಬೆಳೆದವಳು

ಅಧ್ಯಕ್ಷೆ ಅಮ್ಮಾ, ನಿಮ್ಮ ಮನಸ್ಸು ಒಳ್ಳೆಯದು ಅಂತ ನಿಮ್ಮ ಬರಹದಲ್ಲೇ ಗೊತ್ತಾಗುತ್ತದೆ. ಅದಕ್ಕೇ ನಿಮಗೇ ಹೇಳುತ್ತಿದ್ದೇನೆ. ನಾನು ಇಂಥ ಒಂದು ಮನೆಯಲ್ಲಿ ಪಿಯುಸಿವರೆಗೆ ಇದ್ದೆ. ಈಗ ಕೆಲಸದಲ್ಲಿದ್ದೇನೆ.

ದಾನಿಗಳು ಬರುತ್ತಾರೆ ಅಂದರೆ ಬೆಳಿಗ್ಗೆಯಿಂದ ತಲೆ ಬಾಚಿ ಸಾಲಾಗಿ ಕೂರಿಸುತ್ತಿದ್ದರು. ಹಾಡು ಹೇಳುತ್ತಿದ್ದೆವು. ಒಬ್ಬೊಬ್ಬರನ್ನೇ ಕರೆದು ಪೊಟ್ಟಣ ಕೊಡುವಾಗ ಕೊಡುವವರು ಕ್ಯಾಮೆರಾ ನೋಡುತ್ತಿದ್ದರು, ಪೊಟ್ಟಣ ಹಿಡಿದುಕೊಂಡೇ ನಾವು ಕಾಯಬೇಕಿತ್ತು. ಆಮೇಲೆ ಕೆಲವು ಆಂಟಿಯರು ಹತ್ತಿರ ಕೂರಿಸಿಕೊಂಡು, ತಲೆ ಸವರಿ, "ನಿನಗೇನಾಯ್ತು ಪುಟ್ಟಿ, ಯಾರು ಮಾಡಿದ್ದು?" ಅಂತ ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು. ಅವತ್ತು ರಾತ್ರಿ ನಮ್ಮಲ್ಲಿ ಯಾರಾದರೂ ಒಬ್ಬಳು ಊಟ ಮಾಡುತ್ತಿರಲಿಲ್ಲ. ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದ ನನ್ನ ಫೋಟೊ ಪೇಪರಿನಲ್ಲಿ ಬಂದ ಮರುದಿನ ನನ್ನ ಬೆಂಚಿನವಳು ಜಾಗ ಬದಲಾಯಿಸಿದಳು.

ಮುಚ್ಚಿಡಬೇಡಿ ಅಂತ ನೀವು ಹೇಳಿದ್ದು ಸರಿ. ಆದರೆ ತೋರಿಸುವುದೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವಳು ನಾನು, ಅದೂ ದೊಡ್ಡವಳಾದ ಮೇಲೆ. ನಮಗೆ ಇಷ್ಟವಾದ ಒಬ್ಬರಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಟೀಚರಮ್ಮ. ಏನೂ ತರುತ್ತಿರಲಿಲ್ಲ. ಪ್ರತಿ ಶನಿವಾರ ಬಂದು ಇಂಗ್ಲಿಷ್ ಹೇಳಿಕೊಟ್ಟು ಹೋಗುತ್ತಿದ್ದರು. ನಮ್ಮ ಕಥೆ ಒಂದು ದಿನವೂ ಕೇಳಲಿಲ್ಲ.

ತುಮಕೂರಿನ ಅಧ್ಯಕ್ಷೆ

ಮಗಳೇ, ಓದಿ ಸುಮಾರು ಹೊತ್ತು ಏನೂ ಬರೆಯಲಾಗಲಿಲ್ಲ. ವೇದಿಕೆಯ ಮಾತನ್ನು ಬಿಟ್ಟೆ. ಸಾಗರದವರೇ, ನಿಮ್ಮ ಹಿರಿಯರಿಗೆ ಇವಳ ಮಾತನ್ನೇ ಓದಿ ಹೇಳಿ.

ಆದರೆ ಲೆಕ್ಕ ತೋರಿಸುವ ನನ್ನ ಪ್ರಶ್ನೆ ಹಾಗೇ ಇದೆ. ಕೊಟ್ಟವರಿಗೆ ಏನು ಹೇಳುವುದು?

ಬೆಂಗಳೂರಿನ ಲೆಕ್ಕಪರಿಶೋಧಕಿ

ಅದಕ್ಕೆ ನಾನು ಉತ್ತರ ಕೊಡುತ್ತೇನೆ. ನಿಧಿಗೆ ಬೇರೆಯೇ ಬ್ಯಾಂಕ್ ಖಾತೆ ಇಡಿ, ಇಬ್ಬರ ಸಹಿ ಕಡ್ಡಾಯ ಮಾಡಿ. ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಇರಲಿ. ಸಂಸ್ಥೆಯಿಂದ ಮೂರು ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕ ತರಿಸಿ: ಸಂಬಳಕ್ಕೆ ಇಷ್ಟು, ಓಡಾಟಕ್ಕೆ ಇಷ್ಟು, ಔಷಧಿಗೆ ಇಷ್ಟು. ಮಗುವಿನ ಹೆಸರಿಲ್ಲದ ಆ ಪುಟವನ್ನು ಎಲ್ಲ ದಾನಿಗಳಿಗೂ ಕಳಿಸಿ. ಅಂಗಡಿಯವರು ಮುಂದಿನ ವರ್ಷ ತಾವಾಗಿಯೇ ಕೊಡುತ್ತಾರೆ, ಇದನ್ನು ಕಣ್ಣಾರೆ ಕಂಡಿದ್ದೇನೆ.

ತೆರಿಗೆ ವಿಷಯ. ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ (80ಜಿ ಅಂತ ಕರೆಯುವುದು) ಇರುವುದು ಸಂಸ್ಥೆಗೆ, ನಿಮ್ಮ ಸಮಾಜಕ್ಕಲ್ಲ ಅಂತಾದರೆ, ವಿನಾಯಿತಿ ಬೇಕಾದ ದಾನಿಗಳು ನೇರ ಸಂಸ್ಥೆಯ ಖಾತೆಗೇ ಹಾಕಲಿ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಇಲ್ಲ. ಅಕ್ಕಿ, ಬಟ್ಟೆ ಕೊಟ್ಟದ್ದಕ್ಕೂ ಇಲ್ಲ. ಉಪ್ಪಿನಕಾಯಿ ಕೊಂಡದ್ದು ಖರೀದಿ, ದಾನವಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗೂ ಈ ಲಾಭ ಸಿಗದು.

ಲಕ್ಕಿ ಡಿಪ್ ಕೈಬಿಡಿ. ನಮ್ಮ ರಾಜ್ಯದಲ್ಲಿ 2007ರಿಂದ ಲಾಟರಿ ನಿಷೇಧವಿದೆ, ಟಿಕೆಟ್ ಮಾರಿ ಚೀಟಿ ಎತ್ತುವುದು ಅಂದರೆ ಯಾರಾದರೂ ದೂರು ಕೊಟ್ಟರೆ ಉತ್ತರ ಹೇಳುವುದು ಕಷ್ಟ. ತಿಂಡಿ ಮಾರುವುದಕ್ಕೆ ಆಹಾರ ಸುರಕ್ಷತೆಯ ಸಣ್ಣ ನೋಂದಣಿ ಮಾಡಿಸಿ. ನಿಮ್ಮಲ್ಲಿ ಯಾವುದಾದರೂ ಸ್ತ್ರೀಶಕ್ತಿ ಸಂಘಕ್ಕೆ ಅದು ಈಗಾಗಲೇ ಇದ್ದರೆ ಅವರನ್ನೇ ಜೊತೆಗೆ ಸೇರಿಸಿಕೊಳ್ಳಿ.

ನ್ಯೂಜೆರ್ಸಿಯ ಸಾಗರದವಳು

ನಮ್ಮೂರಿನ ವಿಷಯ ಅಂತ ಓಡಿ ಬಂದೆ. ಇಲ್ಲಿನ ಕನ್ನಡದ ಗೆಳತಿಯರು ಸೇರಿ ಒಂದು ಮೊತ್ತ ಕಳಿಸಬಹುದೇ? ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್, ಉಳಿದವರಲ್ಲಿ ಹೆಚ್ಚಿನವರು ಅಮೆರಿಕದ ಪೌರತ್ವ ತೆಗೆದುಕೊಂಡಿದ್ದಾರೆ.

ಬೆಂಗಳೂರಿನ ಲೆಕ್ಕಪರಿಶೋಧಕಿ

ನೀವು ಭಾರತದ ಪ್ರಜೆ, ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಗೆಳತಿಯರದ್ದು ಆಗುತ್ತದೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಆಗುತ್ತದೆ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿಯೂ, ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ಖಾತೆಯೂ ಬೇಕು. ಎಲ್ಲರದ್ದನ್ನೂ ನಿಮ್ಮ ಖಾತೆಗೆ ಹಾಕಿಸಿಕೊಂಡು ನಿಮ್ಮ ಹೆಸರಿನಲ್ಲಿ ಕಳಿಸಬೇಡಿ. ಸಂಸ್ಥೆಯ ನೋಂದಣಿಗೇ ಕುತ್ತು ಬರಬಹುದು.

ದಾವಣಗೆರೆ ಓದುಗ

ಹೆಂಗಸರ ಚರ್ಚೆಯ ನಡುವೆ ಬಂದದ್ದಕ್ಕೆ ಕ್ಷಮಿಸಿ. ನನಗೊಂದು ಬೇಸರ ಇದೆ. ಇದು ಸರ್ಕಾರದ ಹೊಣೆಯಲ್ಲವೇ? ತೆರಿಗೆ ಕಟ್ಟುವುದು ಯಾತಕ್ಕೆ? ಹಪ್ಪಳ ಮಾರಿ ಸರ್ಕಾರದ ಕೆಲಸ ಮಾಡಿಕೊಟ್ಟರೆ ಅವರು ಇನ್ನೂ ಕೈತೊಳೆದುಕೊಳ್ಳುತ್ತಾರೆ.

ಮೈಸೂರಿನ ಆಪ್ತಸಮಾಲೋಚಕಿ

ಅಣ್ಣ, ಪ್ರಶ್ನೆ ನ್ಯಾಯವಾದದ್ದು. ಹೊಣೆ ಸರ್ಕಾರದ್ದೇ, ದುಡ್ಡೂ ಬರುತ್ತದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅನುದಾನಿತ ಮನೆಗೆ ಒಂದು ಮಗುವಿನ ಪಾಲನೆಗೆ ತಿಂಗಳಿಗೆ 3,000 ರೂಪಾಯಿ, ಅಂದರೆ ದಿನಕ್ಕೆ 100. ಮೂರು ಹೊತ್ತಿನ ಊಟ, ಬಟ್ಟೆ, ಸೋಪು, ಎಣ್ಣೆ, ತಿಂಗಳ ಪ್ಯಾಡು ಎಲ್ಲ ಅದರಲ್ಲೇ. ಈಗಿನ ಬೇಳೆಯ ರೇಟಿನಲ್ಲಿ ನೀವೇ ಲೆಕ್ಕ ಹಾಕಿ. ಅದೂ ತಡವಾಗಿ ಬಂದರೆ ಅಂಗಡಿಯಲ್ಲಿ ಸಾಲ. ಈ ಮೊತ್ತ ಏರಿಸಿ ಅಂತ ಶಾಸಕರಿಗೆ ಮನವಿ ಕೊಡುವ ಕೆಲಸವನ್ನೂ ಮಹಿಳಾ ಸಮಾಜಗಳು ಮಾಡಬೇಕು. ನಿಧಿ ಕೊಟ್ಟವರ ಮಾತಿಗೆ ತೂಕವಿರುತ್ತದೆ. ಹಿಂದೆ ಬೆಂಗಳೂರಿನ ಮಹಿಳಾ ಸೇವಾ ಸಮಾಜ 1913ರಲ್ಲಿ ಶುರುವಾದಾಗಲೂ, ಬಾಲವಿಧವೆಯಾಗಿದ್ದ ಆರ್. ಕಲ್ಯಾಣಮ್ಮನವರು ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದಾಗಲೂ ಸರ್ಕಾರ ಮಾಡಲಿ ಅಂತ ಕಾದವರಲ್ಲ. ಕಾಯದೇ ಮಾಡಿದರು, ಕೇಳಿಯೂ ಕೇಳಿದರು.

ಇನ್ನೊಂದು ವಿಷಯ ಹೇಳಲೇಬೇಕು. ಮನೆ ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಅದು ಮಕ್ಕಳಿಗೆ ಸುರಕ್ಷಿತ ಅಂತಲ್ಲ. ಬಿಹಾರದ ಮುಜಫ್ಫರ್‌ಪುರದಲ್ಲಿ ಸರ್ಕಾರದ ಅನುದಾನ ಪಡೆಯುತ್ತಿದ್ದ ಬಾಲಿಕಾ ಗೃಹದೊಳಗೇ ಹುಡುಗಿಯರ ಮೇಲೆ ಅತ್ಯಾಚಾರ ನಡೆಯುತ್ತಿತ್ತು ಅನ್ನುವುದು 2018ರಲ್ಲಿ ಹೊರಬಿತ್ತು. ಅದಕ್ಕೆ ದಾರಿಯಾದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡದ ಪರಿಶೀಲನಾ ವರದಿ. ಅದನ್ನು ನಡೆಸುತ್ತಿದ್ದವನಿಗೆ 2020ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆದ್ದರಿಂದ ಕೊಡುವ ಮುಂಚೆ ಕೇಳಿ. ಬಾಲ ನ್ಯಾಯ ಕಾಯ್ದೆಯ 41ನೇ ಕಲಂ ಅಡಿಯ ನೋಂದಣಿ ಪತ್ರ ಇದೆಯೇ? ಅದರ ಅವಧಿ ಐದು ವರ್ಷ, ನವೀಕರಣ ಆಗಿದೆಯೇ? ಹೆಣ್ಣುಮಕ್ಕಳ ಮನೆಯಲ್ಲಿ ಸಿಬ್ಬಂದಿ ಎಲ್ಲ ಮಹಿಳೆಯರೇ ಇರಬೇಕು ಅನ್ನುವುದು ನಿಯಮ, ಇದ್ದಾರೆಯೇ? ಮಕ್ಕಳ ಕಲ್ಯಾಣ ಸಮಿತಿಯವರು ತಿಂಗಳಿಗೆ ಕನಿಷ್ಠ ಎರಡು ಸಲ ವಾಸದ ಮನೆಗಳ ತಪಾಸಣೆಗೆ ಹೋಗಬೇಕು, ಭೇಟಿ ಪುಸ್ತಕದಲ್ಲಿ ಸಹಿ ಕಾಣುತ್ತದೆಯೇ? ಒಳ್ಳೆಯ ಸಂಸ್ಥೆಗೆ ಈ ಪ್ರಶ್ನೆಗಳಿಂದ ಬೇಜಾರಾಗುವುದಿಲ್ಲ, ತಾವಾಗಿಯೇ ಕಡತ ತೆಗೆದು ತೋರಿಸುತ್ತಾರೆ. ಮುಖ ಸಿಂಡರಿಸಿದರೆ ಅಲ್ಲಿಗೆ ಕೊಡಬೇಡಿ.

ಸಾಗರದ ಕಾರ್ಯದರ್ಶಿ

ಎಲ್ಲರಿಗೂ ಕೈಮುಗಿದೆ. ನಿನ್ನೆ ಸಭೆ ಆಯಿತು. ಮಕ್ಕಳನ್ನು ಕರೆಸುವುದಿಲ್ಲ ಅಂತ ಒಮ್ಮತದಿಂದ ತೀರ್ಮಾನವಾಗಿದೆ. ಹಠ ಹಿಡಿದಿದ್ದ ನಮ್ಮ ಹಿರಿಯರೊಬ್ಬರು ಆ ತಂಗಿಯ ಮಾತನ್ನು ಎರಡು ಸಲ ಓದಿಸಿಕೊಂಡರು. ಲಕ್ಕಿ ಡಿಪ್ ಇಲ್ಲ. ತಾಳಮದ್ದಳೆಯ ದಿನ ಸಂಸ್ಥೆಯ ಮೇಲ್ವಿಚಾರಕಿ ಒಬ್ಬರೇ ಬಂದು ಕೆಲಸದ ಬಗ್ಗೆ ಮಾತಾಡುತ್ತಾರೆ.

ಕೋಣೆಯ ವಿಷಯ ಸುಲಭವಾಗಿ ಬಗೆಹರಿಯಲಿಲ್ಲ. ಮೇಲ್ವಿಚಾರಕಿಯವರನ್ನೇ ಕೇಳಿದೆವು. ಕೋಣೆ ಸಾಕಷ್ಟಿದೆ, ಸ್ನಾನದ ಮನೆ ಸಾಲದು ಅಂದರು. ನಿಯಮದಂತೆ ಹತ್ತು ಮಕ್ಕಳಿಗೊಂದು ಸ್ನಾನದ ಮನೆ, ಏಳು ಮಕ್ಕಳಿಗೊಂದು ಶೌಚಾಲಯ ಬೇಕಂತೆ. ಕಟ್ಟುವ ಆಸೆಯವರು ಅದಕ್ಕೆ ಒಪ್ಪಿದ್ದಾರೆ, ಹೆಸರಿನ ಕಲ್ಲು ಮಾತ್ರ ಬೇಡ ಅಂತ ಅವರೇ ಹೇಳಿದರು. ಉಳಿದ ಹಣದಲ್ಲಿ ಒಂದು ಪಾಲು ರಾತ್ರಿ ಪಾಳಿಯವರಿಗೆ, ಇನ್ನೊಂದು ಪಾಲು 18 ತುಂಬಿ ಹೊರಡುವವರಿಗೆ. ಬಾಲ ನ್ಯಾಯ ಕಾಯ್ದೆಯಲ್ಲಿ 21 ವರ್ಷದವರೆಗೆ ನೆರವಿಗೆ ಅವಕಾಶ ಇದ್ದರೂ ಹೊರಟ ದಿನ ಕೈಯಲ್ಲಿ ಏನೂ ಇರುವುದಿಲ್ಲ ಅಂತ ಅಲ್ಲಿ ತಿಳಿಯಿತು. ತಂಗೀ, ನಿನ್ನನ್ನೇ ಕೇಳುತ್ತೇನೆ. ಹೊರಗೆ ಬಂದ ಮೊದಲ ತಿಂಗಳು ನಿನಗೆ ಏನು ಬೇಕಿತ್ತು?

ಅಲ್ಲೇ ಬೆಳೆದವಳು

ಅಕ್ಕಾ, ದುಡ್ಡಿಗಿಂತ ಮೊದಲು ಕಾಗದಪತ್ರ. ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲಪ್ರತಿ, ನನ್ನೊಬ್ಬಳ ಹೆಸರಿನ ಬ್ಯಾಂಕ್ ಖಾತೆ. ನನ್ನ ಆಧಾರ್‌ನಲ್ಲಿ ಹಳೆಯ ವಿಳಾಸವೇ ಇತ್ತು, ಬದಲಾಯಿಸಲು ಆ ಊರಿಗೇ ಹೋಗಬೇಕೇನೋ ಅಂತ ಹೆದರಿ ತಿಂಗಳುಗಟ್ಟಲೆ ಸುಮ್ಮನಿದ್ದೆ. 17 ತುಂಬಿದಾಗಲೇ ಯಾರಾದರೂ ಕೂತು ಇದನ್ನೆಲ್ಲ ಸರಿಮಾಡಿಸಲಿ.

ಆಮೇಲೆ ಪಿಜಿಯ ಅಡ್ವಾನ್ಸು. ಎರಡು ಮೂರು ತಿಂಗಳ ಬಾಡಿಗೆ ಒಟ್ಟಿಗೆ ಕೇಳುತ್ತಾರೆ, ಮೊದಲ ಸಂಬಳ ಬರುವುದು ತಿಂಗಳಾದ ಮೇಲೆ. ಗಾರ್ಡಿಯನ್ ಫೋನ್ ನಂಬರ್ ಅಂತ ಒಂದು ಖಾನೆ ಇರುತ್ತದೆ, ಅಲ್ಲಿ ಬರೆಯಲು ಯಾರೂ ಇರಲಿಲ್ಲ. ನಿಮ್ಮ ಸಮಾಜದ ಇಬ್ಬರು ಅಮ್ಮಂದಿರು ಆ ಖಾನೆಗೆ ತಮ್ಮ ನಂಬರ್ ಕೊಡಲು ಒಪ್ಪಿದರೆ, ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೂ ಎತ್ತುತ್ತೇವೆ ಅಂದರೆ, ಅದನ್ನು ನಿಧಿಯ ಜೊತೆ ಬರೆದುಕೊಳ್ಳಿ. ಹಣ ಕೊಡುವಾಗ ಒಟ್ಟಿಗೆ ಕೊಡಬೇಡಿ, ಆರು ತಿಂಗಳು ತಿಂಗಳು ತಿಂಗಳಿಗೆ ಅವಳ ಖಾತೆಗೇ ಹಾಕಿ. ಒಟ್ಟಿಗೆ ಸಿಕ್ಕಿದ್ದು ಗೊತ್ತಾದರೆ ಅಷ್ಟು ವರ್ಷ ನೋಡಲು ಬರದ ನೆಂಟರೆಲ್ಲ ಬರುತ್ತಾರೆ.